ರಂಗಶಿಕ್ಷಣಕ್ಕೆ ಪ್ರವೇಶ: ಹೊರನಾಡ ಕನ್ನಡ ಅಭ್ಯರ್ಥಿಯ ಪೂರ್ವಸಿದ್ಧತೆ

ಮುಂಬಯಿಯ ಕನ್ನಡ ರಂಗಭೂಮಿಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಸಂಘಸಂಸ್ಥೆಗಳಿಂದಲೇ ಆರಂಭಿಸುತ್ತಾರೆ. 1926ರಲ್ಲಿ ಸ್ಥಾಪನೆಗೊಂಡ ಮೈಸೂರು ಅಸೋಸಿಯೇಷನ್, 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘ, ಊರ ದೇವರ ಹೆಸರನ್ನೋ ಸಮಾಜದ ಹೆಸರನ್ನೋ ಹೊತ್ತ ಹತ್ತಾರು ಯಕ್ಷಗಾನ ಮಂಡಳಿಗಳು, ಇವೆಲ್ಲದರ ಬೆನ್ನೆಲುಬಾಗಿದ್ದವರು ಹಗಲೆಲ್ಲ ಹೋಟೆಲಿನಲ್ಲಿ, ಬ್ಯಾಂಕಿನಲ್ಲಿ, ಕಚೇರಿಗಳಲ್ಲಿ ದುಡಿದು ಸಂಜೆಯ ಲೋಕಲ್ ಗಾಡಿಯಲ್ಲಿ ತಾಲೀಮಿಗೆ ಬರುತ್ತಿದ್ದ ಹವ್ಯಾಸಿಗಳು. ಅವರಿಗೆ ನಾಟಕವೆಂಬುದು ಸಂಬಳದ ಆಚೆಗಿನ ಸುಖ. ಅದನ್ನು ಕಾಲೇಜಿನಲ್ಲಿ ಓದಿ ಪದವಿ ಪಡೆಯುವ ವಿಷಯವೆಂದು ಅವರು ಬಗೆದಿರಲಿಲ್ಲ. ಇಂದು ಅವರ ಮಕ್ಕಳೋ ಮೊಮ್ಮಕ್ಕಳೋ, ಅಜ್ಜ ಬಣ್ಣ ಹಚ್ಚಿದ ವೇದಿಕೆಯ ಮೇಲೆಯೇ ಎರಡು ಮೂರು ನಾಟಕಗಳನ್ನಾಡಿ, ಬಿ.ಕಾಂ. ಮುಗಿಯುತ್ತಿದ್ದಂತೆ ಮನೆಯಲ್ಲಿ ಒಂದು ಪ್ರಶ್ನೆಯನ್ನು ಎತ್ತುತ್ತಾರೆ: ರಂಗಶಾಲೆಗೆ ಅರ್ಜಿ ಹಾಕಲೇ? ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಮನೆಯಲ್ಲಿಯೂ ಇರುವುದಿಲ್ಲ, ಸಂಘದಲ್ಲಿಯೂ ವಿರಳ. ಪ್ರಸ್ತುತ ಲೇಖನದ ವ್ಯಾಪ್ತಿ ಇಷ್ಟೇ: ಅಂಥ ಅಭ್ಯರ್ಥಿಯು ಅರ್ಜಿಯ ಹಿಂದಿನ ಒಂದು ವರ್ಷವನ್ನು ಹೇಗೆ ಕಳೆಯಬೇಕು ಎಂಬುದರ ವಿವೇಚನೆ.

ಹಿಂದೆ ಕಲೆಯ ಕಲಿಕೆಗೆ ಅರ್ಜಿಯೆಂಬುದಿರಲಿಲ್ಲ. 1933ರಲ್ಲಿ ಗುರುವನ್ನು ಅರಸಿ ಗದುಗಿನ ಮನೆಯನ್ನು ಬಿಟ್ಟು ಹೊರಟ ಬಾಲಕ ಭೀಮಸೇನ ಜೋಶಿಯವರು ಉತ್ತರ ಹಿಂದುಸ್ತಾನವನ್ನೆಲ್ಲ ಅಲೆದು, ಕೊನೆಗೆ ಮನೆಗೆ ಸಮೀಪದ ಕುಂದಗೋಳದಲ್ಲಿಯೇ ಸವಾಯಿ ಗಂಧರ್ವರ ಶಿಷ್ಯರಾದರು. ಅದೇ ಗುರುವಿನ ಬಳಿ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದ ಗಂಗೂಬಾಯಿ ಹಾನಗಲ್ ಅವರ ಶಾಲಾ ವಿದ್ಯಾಭ್ಯಾಸ ಐದನೆಯ ಇಯತ್ತೆಗೇ ನಿಂತಿತ್ತು. ಇಂದು ಮೈಸೂರಿನಲ್ಲಿರುವ ರಾಜ್ಯದ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಅವರ ಹೆಸರನ್ನೇ ಹೊತ್ತಿದೆ. ಅಲ್ಲಿ ಸೇರಬಯಸುವವರು ಅಂಕಪಟ್ಟಿಯನ್ನು ಲಗತ್ತಿಸಬೇಕು. ಇದನ್ನು ವಿಡಂಬನೆಯೆಂದು ನಗಬೇಕಾಗಿಲ್ಲ. ಗುರುವು ಶಿಷ್ಯನನ್ನು ತಿಂಗಳುಗಟ್ಟಲೆ ಮನೆಗೆಲಸದಲ್ಲಿ ಇಟ್ಟುಕೊಂಡು ಪರೀಕ್ಷಿಸುತ್ತಿದ್ದುದನ್ನು ಇಂದಿನ ಆಯ್ಕೆ ಸಮಿತಿಯು ಕೆಲವೇ ನಿಮಿಷಗಳಲ್ಲಿ ಅಥವಾ ಕೆಲವು ದಿನಗಳಲ್ಲಿ ಮಾಡಬೇಕಾಗಿದೆ. ಅರ್ಜಿಯ ಸಿದ್ಧತೆಯೆಂದರೆ ಆ ಅಲ್ಪ ಸಮಯಕ್ಕಾಗಿ ನಡೆಸುವ ದೀರ್ಘ ಸಿದ್ಧತೆ.

ಮೊದಲು ಎಲ್ಲಿಗೆ ಎಂಬುದು ನಿಶ್ಚಯವಾಗಬೇಕು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯು 1959ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಆಶ್ರಯದಲ್ಲಿ ಆರಂಭವಾಗಿ 1975ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಅಲ್ಲಿಯದು ಮೂರು ವರ್ಷಗಳ ವ್ಯಾಸಂಗ. ಬಿ.ವಿ. ಕಾರಂತ, ಪ್ರೇಮಾ ಕಾರಂತ, ಬಿ. ಜಯಶ್ರೀ, ಪ್ರಸನ್ನ, ಚಿದಂಬರರಾವ್ ಜಂಬೆ, ಸಿ. ಬಸವಲಿಂಗಯ್ಯ, ಕೆ.ವಿ. ಅಕ್ಷರ ಮೊದಲಾದವರೆಲ್ಲ ಅಲ್ಲಿ ಕಲಿತು ಬಂದವರು. ಕಾರಂತರು 1977ರಿಂದ ಕೆಲವು ವರ್ಷ ಅದೇ ಶಾಲೆಯ ನಿರ್ದೇಶಕರೂ ಆಗಿದ್ದರು. ಕನ್ನಡದಲ್ಲಿಯೇ ಕಲಿಯಬಯಸುವವರಿಗೆ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ 1980ರಿಂದ ನಡೆಸುತ್ತಿರುವ ಒಂದು ವರ್ಷದ ರಂಗಶಿಕ್ಷಣವಿದೆ. ಮೈಸೂರಿನ ರಂಗಾಯಣ ಹಾಗೂ ಸಾಣೇಹಳ್ಳಿಗಳಲ್ಲಿಯೂ ರಂಗಶಾಲೆಗಳಿವೆ. ಊರನ್ನು ಬಿಡಲಾಗದ ಮುಂಬಯಿಯವರಿಗೆ ಮುಂಬಯಿ ವಿಶ್ವವಿದ್ಯಾಲಯದಲ್ಲಿಯೇ 2003ರಲ್ಲಿ ಆರಂಭವಾದ ನಾಟ್ಯ ಅಕಾಡೆಮಿಯ ಸ್ನಾತಕೋತ್ತರ ವ್ಯಾಸಂಗ, ಪುಣೆಯವರಿಗೆ ಅಲ್ಲಿಯ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರ, ಹೈದರಾಬಾದಿನವರಿಗೆ ಅಲ್ಲಿಯ ಕೇಂದ್ರೀಯ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಕಲಾ ಶಾಲೆ ಹತ್ತಿರದವು. ಯಾವ ಶಾಲೆಯದಾದರೂ ವಯೋಮಿತಿ, ವಿದ್ಯಾರ್ಹತೆ, ಶುಲ್ಕಗಳು ಕಾಲಕಾಲಕ್ಕೆ ಬದಲಾಗುತ್ತವೆ. ಹಿರಿಯ ವಿದ್ಯಾರ್ಥಿಯ ನೆನಪನ್ನು ನಂಬದೆ ಆಯಾ ವರ್ಷದ ಪ್ರಕಟಣೆಯನ್ನೇ ಓದಬೇಕು. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯು 2022ರಿಂದ ಸ್ನಾತಕೋತ್ತರ ವ್ಯಾಸಂಗಗಳಿಗೂ ಬಂದಿರುವುದರಿಂದ, ಅಭಿನಯಕ್ಕೆ ಮಾತ್ರ ತಯಾರಾಗಿ ಲಿಖಿತ ಪರೀಕ್ಷೆಯ ಅರ್ಜಿಯ ದಿನಾಂಕವನ್ನು ತಪ್ಪಿಸಿಕೊಂಡರೆ ಆ ವರ್ಷ ವ್ಯರ್ಥವಾದಂತೆಯೇ.

ಇವುಗಳ ಸ್ವಭಾವಭೇದವನ್ನು ಅರಿಯದೆ ಎಲ್ಲ ಕಡೆಗೂ ಒಂದೇ ಅರ್ಜಿಯನ್ನು ಕಳುಹಿಸುವುದು ಹೊರನಾಡ ಅಭ್ಯರ್ಥಿಗಳ ಸಾಮಾನ್ಯ ದೋಷ. ಹೆಗ್ಗೋಡಿನಲ್ಲಿ ಪದವಿಯ ನಿರ್ಬಂಧವಿಲ್ಲ. ಅಲ್ಲಿ ಕೇಳುವುದು ಹಳ್ಳಿಯೊಂದರಲ್ಲಿ ವರ್ಷಪೂರ್ತಿ ಇದ್ದು, ಬೆಳಗಿನ ವ್ಯಾಯಾಮದಿಂದ ರಾತ್ರಿಯ ತಾಲೀಮಿನವರೆಗೆ ಗುಂಪಿನೊಳಗೆ ಒಬ್ಬನಾಗಿ ದುಡಿಯುವ ಮನಸ್ಸನ್ನು. ಅಲ್ಲಿ ಕಲಿತವರಿಗೆ 1985ರಿಂದ ಊರೂರು ತಿರುಗುವ ತಿರುಗಾಟದಂಥ ಮುಂದಿನ ದಾರಿಯೂ ಉಂಟು. ದೆಹಲಿಯಲ್ಲಿ ದೇಶದ ನಾನಾ ಪ್ರಾಂತಗಳಿಂದ ಬಂದವರ ನಡುವೆ ಹಿಂದಿಯಲ್ಲಿ ಬದುಕಬೇಕು. ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಪ್ರಬಂಧ ಬರೆಯಬೇಕು, ಪರೀಕ್ಷೆ ಬರೆಯಬೇಕು. ಮೂರಕ್ಕೂ ಒಂದೇ ಬಗೆಯ ತಯಾರಿ ಸಾಲದು.

ರಾಷ್ಟ್ರೀಯ ನಾಟಕ ಶಾಲೆಯು ಪದವಿಯ ಜತೆಗೆ ಕನಿಷ್ಠ ಆರು ನಾಟಕಗಳಲ್ಲಿ ಪಾಲ್ಗೊಂಡ ಅನುಭವವನ್ನೂ ಅದಕ್ಕೆ ಪುರಾವೆಯನ್ನೂ ಕೇಳುತ್ತ ಬಂದಿದೆ. ಇದು ಮೇಲ್ನೋಟಕ್ಕೆ ಸುಲಭ. ಮುಂಬಯಿಯ ಸಕ್ರಿಯ ಹುಡುಗನೊಬ್ಬ ಕಾಲೇಜಿನ ಏಕಾಂಕಗಳನ್ನೂ ಸಂಘದ ವಾರ್ಷಿಕೋತ್ಸವದ ನಾಟಕಗಳನ್ನೂ ನಾಟಕ ಸ್ಪರ್ಧೆಗಳನ್ನೂ ಸೇರಿಸಿದರೆ ಆರನ್ನು ಮೂರು ವರ್ಷಗಳಲ್ಲಿ ದಾಟುತ್ತಾನೆ. ತೊಡಕು ಇರುವುದು ಪುರಾವೆಯಲ್ಲಿ. ನಮ್ಮ ಸಂಘಗಳ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿದರೆ ಜಾಹೀರಾತು ಕೊಟ್ಟ ಹೋಟೆಲುಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳು ಅಚ್ಚುಕಟ್ಟಾಗಿರುತ್ತವೆ. ಅಂದು ಆಡಿದ ನಾಟಕದ ಪಾತ್ರಧಾರಿಗಳನ್ನು ‘ಸಂಘದ ಸದಸ್ಯರಿಂದ’ ಎಂಬ ಎರಡು ಶಬ್ದಗಳಲ್ಲಿ ಮುಗಿಸಿರುತ್ತಾರೆ. ಹತ್ತು ವರ್ಷ ಬಣ್ಣ ಹಚ್ಚಿದವನಿಗೂ ಒಂದು ಸಾಲಿನ ದಾಖಲೆ ಇರುವುದಿಲ್ಲ.

ಆದಕಾರಣ ಅರ್ಜಿಯ ವರ್ಷಕ್ಕೆ ಕಾಯದೆ, ಪ್ರತಿ ಪ್ರಯೋಗ ಮುಗಿದ ವಾರದೊಳಗೆ ಅಭ್ಯರ್ಥಿಯು ಸಂಘದ ಕಾರ್ಯದರ್ಶಿಯಿಂದ ಒಂದು ಪತ್ರವನ್ನು ಪಡೆಯಬೇಕು. ನಾಟಕದ ಹೆಸರು, ನಾಟಕಕಾರ, ನಿರ್ದೇಶಕ, ತಾನು ವಹಿಸಿದ ಪಾತ್ರ ಅಥವಾ ಮಾಡಿದ ಕೆಲಸ, ಪ್ರಯೋಗದ ಸ್ಥಳ, ದಿನಾಂಕ ಇವಿಷ್ಟೂ ಅದರಲ್ಲಿರಬೇಕು. ಕರಪತ್ರ, ಆಮಂತ್ರಣ, ಒಂದೆರಡು ಛಾಯಾಚಿತ್ರಗಳನ್ನು ಜತೆಗಿಡಬೇಕು. ಮುಖ್ಯ ಪಾತ್ರವೇ ಆಗಿರಬೇಕೆಂಬ ನಿಯಮವಿಲ್ಲ. ಬೆಳಕು ಹಿಡಿದುದೂ ರಂಗಸಜ್ಜಿಕೆ ಕಟ್ಟಿದುದೂ ಪ್ರಾಂಪ್ಟರನಾಗಿ ಪರದೆಯ ಮರೆಯಲ್ಲಿ ಕುಳಿತುದೂ ಅನುಭವವೇ. ಅದನ್ನು ಇದ್ದಂತೆಯೇ ಬರೆಯುವುದು ಲೇಸು. ಮಾಡದ ಪಾತ್ರವನ್ನು ಪಟ್ಟಿಗೆ ಸೇರಿಸಿದವನು ಸಂದರ್ಶನದಲ್ಲಿ ಆ ನಾಟಕದ ಎರಡನೆಯ ಅಂಕದ ಬಗೆಗೆ ಕೇಳಿದಾಗ ತಡವರಿಸುತ್ತಾನೆ. ರಂಗತಜ್ಞರೊಬ್ಬರ ಶಿಫಾರಸು ಪತ್ರವೂ ಬೇಕಾಗುತ್ತದೆ. ಸಂಘದ ಅಧ್ಯಕ್ಷರು ಉದ್ಯಮಿಯಾಗಿ ಎಷ್ಟೇ ಗಣ್ಯರಾಗಿರಲಿ, ಇಲ್ಲಿ ಬೇಕಾದುದು ಅಭ್ಯರ್ಥಿಯನ್ನು ತಾಲೀಮಿನಲ್ಲಿ ಕಂಡ ನಿರ್ದೇಶಕರ ಮಾತು.

ಇನ್ನು ಪ್ರಧಾನ ವಿಷಯ: ಆಯ್ಕೆ ಸಮಿತಿಯ ಮುಂದೆ ಆಡಿತೋರಿಸುವ ಮಾತಿನ ಭಾಗ. ಕನ್ನಡದ ಹುಡುಗರಲ್ಲಿ ಹೆಚ್ಚಿನವರು ಗಿರೀಶ ಕಾರ್ನಾಡರ ‘ತುಘಲಕ್’ ನಾಟಕಕ್ಕೆ ಕೈಹಾಕುತ್ತಾರೆ. 1964ರ ಈ ನಾಟಕ ಹಿಂದಿಯಲ್ಲಿಯೂ ಪ್ರಸಿದ್ಧವಾಗಿರುವುದು, 1974ರಲ್ಲಿ ಅಲ್ಕಾಜಿಯವರು ಅದನ್ನು ದೆಹಲಿಯ ಪುರಾನಾ ಕಿಲಾದ ಗೋಡೆಗಳ ನಡುವೆ ಆಡಿಸಿದುದು ಇದಕ್ಕೆ ಕಾರಣ. ಆದರೆ ಇಪ್ಪತ್ತೊಂದರ ಹುಡುಗನು ನಿದ್ದೆಗೆಟ್ಟ ಸುಲ್ತಾನನ ಕೊನೆಯ ದೃಶ್ಯಗಳನ್ನು ಎತ್ತಿಕೊಂಡರೆ, ಆಯಾಸವನ್ನು ನಟಿಸುವ ಆಯಾಸ ಮಾತ್ರ ಕಾಣಿಸುತ್ತದೆ. ಅದೇ ನಾಟಕದಲ್ಲಿ ಆಜೀಜನಿದ್ದಾನೆ: ವೇಷ ಬದಲಿಸುತ್ತ, ಸುಲ್ತಾನನ ಕಾನೂನುಗಳನ್ನೇ ತನ್ನ ಹೊಟ್ಟೆಪಾಡಿಗೆ ಬಗ್ಗಿಸಿಕೊಳ್ಳುವ ಅಗಸ. ಮಹಾನಗರದ ಬೀದಿಯಲ್ಲಿ ಬೆಳೆದ ಯುವಕನಿಗೆ ಅವನು ಸುಲ್ತಾನನಿಗಿಂತ ಹತ್ತಿರದವನು. ಆಯ್ಕೆ ಸಮಿತಿಯವರು ನೋಡುವುದು ಮಾತಿನ ಘನತೆಯನ್ನಲ್ಲ. ಆ ಮಾತು ಈ ದೇಹದಲ್ಲಿ, ಈ ವಯಸ್ಸಿನಲ್ಲಿ, ಈ ಕಂಠದಲ್ಲಿ ಜೀವ ತಳೆಯುತ್ತದೆಯೋ ಇಲ್ಲವೋ ಎಂಬುದನ್ನು.

ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯ ಆಕರ್ಷಣೆ ಇನ್ನೊಂದು ಬಗೆಯದು. ಅದರ ಬೆಳಗಾವಿ ಸೀಮೆಯ ಮಾತಿಗೆ ಮರುಳಾಗದವರಿಲ್ಲ. ಆದರೆ ಮುಂಬಯಿಯ ಅಭ್ಯರ್ಥಿಗಳಲ್ಲಿ ಬಹುಮಂದಿಯ ಮನೆಮಾತು ತುಳು. ಶಾಲೆಯ ಮಾತು ಇಂಗ್ಲಿಷ್ ಅಥವಾ ಮರಾಠಿ. ಕನ್ನಡವೆಂಬುದು ಅವರಿಗೆ ವೇದಿಕೆಯ ಮೇಲಣ, ಹೆಚ್ಚೆಂದರೆ ಸಂಘದ ಸಭೆಯ ಮಾತು. ಅಂಥವರು ಉತ್ತರ ಕರ್ನಾಟಕದ ಆಡುಮಾತನ್ನು ಆಡಿದಾಗ ಕ್ರಿಯಾಪದದ ಕೊನೆಗಳಷ್ಟೇ ಬೆಳಗಾವಿಯವು, ಉಸಿರು ಉಡುಪಿಯದು. ಧಾರವಾಡ, ವಿಜಾಪುರಗಳಿಂದ ಬಂದು ನೆಲಸಿದ ಕುಟುಂಬಗಳು ಇದೇ ನಗರದಲ್ಲಿವೆ. ಅವರ ಮನೆಯ ಅಜ್ಜಿಯರ ಬಳಿ ನಾಲ್ಕು ಸಂಜೆ ಕುಳಿತರೆ ಪುಸ್ತಕ ಕಲಿಸದುದು ಕಿವಿಗೆ ಬೀಳುತ್ತದೆ. ಅದಾಗದಿದ್ದರೆ ಆ ನಾಟಕವನ್ನು ಬಿಡುವುದೇ ಮೇಲು.

ಭಾಗವನ್ನು ಆರಿಸಿಕೊಂಡ ಮೇಲೆ ಮೊದಲ ಕೆಲಸ ಬಾಯಿಪಾಠವಲ್ಲ. ನಾಟಕವನ್ನು ಆಮೂಲಾಗ್ರವಾಗಿ ಓದುವುದು. ಎರಡು ಪುಟದ ನೆರಳಚ್ಚನ್ನು ಕಿಸೆಯಲ್ಲಿಟ್ಟುಕೊಂಡು ಬರುವ ಅಭ್ಯರ್ಥಿಗಳು ಎಲ್ಲ ಕಡೆಯೂ ಇದ್ದಾರೆ, ಎಲ್ಲ ಕಡೆಯೂ ಸಿಕ್ಕಿಬೀಳುತ್ತಾರೆ. ಪಾತ್ರವು ಯಾರನ್ನು ಉದ್ದೇಶಿಸಿ ಮಾತಾಡುತ್ತಿದೆ, ಆ ಕೇಳುಗನು ಎಲ್ಲಿ ನಿಂತಿದ್ದಾನೆ, ಮಾತು ಆರಂಭವಾದಾಗ ಇದ್ದ ಬಯಕೆ ಮುಗಿಯುವಾಗ ಏನಾಗಿದೆ ಎಂಬ ಮೂರನ್ನು ಅಭ್ಯರ್ಥಿಯು ತನ್ನ ಮಾತಿನಲ್ಲಿ ಬರೆದುಕೊಳ್ಳಬೇಕು. ಬಳಿಕ ಉಸಿರಿನ ಎಡೆಗಳನ್ನು ಪೆನ್ಸಿಲಿನಲ್ಲಿ ಗುರುತಿಸಬೇಕು. ಸಂಘದ ಸಭಾಂಗಣಗಳಲ್ಲಿ ಧ್ವನಿವರ್ಧಕದ ಮುಂದೆ ನಿಂತೇ ಆಡಿ ಬೆಳೆದವರಿಗೆ ಉಸಿರು ಗಿಡ್ಡ, ವಾಕ್ಯದ ಕೊನೆಯ ಶಬ್ದಗಳು ಮಂದ. ಧ್ವನಿವರ್ಧಕವಿಲ್ಲದ ಕೋಣೆಯಲ್ಲಿ ಹತ್ತು ಮಾರು ದೂರದಲ್ಲಿ ಒಬ್ಬ ಗೆಳೆಯನನ್ನು ಕೂರಿಸಿ, ಅವನಿಗೆ ಕೊನೆಯ ಶಬ್ದ ಕೇಳಿಸುವವರೆಗೆ, ಆದರೆ ಕಿರಿಚದೆ, ಆಡುವುದು ಸರಳವಾದ ಅಭ್ಯಾಸ. ಮುಂಬಯಿಯ ಒಂದು ಕೋಣೆಯ ಮನೆಗಳಲ್ಲಿ ಇದಕ್ಕೆಲ್ಲಿ ಜಾಗ ಎಂಬ ಪ್ರಶ್ನೆ ನ್ಯಾಯವಾದುದೇ. ಬೆಳಗಿನ ಐದೂವರೆಗೆ ಸಮುದ್ರದಂಡೆಯನ್ನೋ ಕಟ್ಟಡದ ತಾರಸಿಯನ್ನೋ ಹಿಡಿಯಬೇಕಾಗುತ್ತದೆ.

ಹಿಂದಿಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಬೆಂಗಳೂರಿನ ಅಭ್ಯರ್ಥಿಯು ತನಗೆ ಹಿಂದಿ ಬರದೆಂದು ತಿಳಿದು ಕಲಿಯುತ್ತಾನೆ. ಮುಂಬಯಿಯವನು ಬರುತ್ತದೆಂದು ತಿಳಿದು ಕಲಿಯುವುದಿಲ್ಲ. ಬೀದಿಯಲ್ಲಿ, ಗಾಡಿಯಲ್ಲಿ, ಅಂಗಡಿಯಲ್ಲಿ ಅವನು ಸರಾಗವಾಗಿ ಆಡುವುದು ಬಂಬಯ್ಯಾ ಹಿಂದಿ. ಅದು ಜೀವಂತವಾದ ಭಾಷೆಯೇ, ಆದರೆ ರಂಗಪಠ್ಯದ ಹಿಂದಿ ಅದಲ್ಲ. ಕನ್ನಡದ ಶಬ್ದಗಳು ಸಾಮಾನ್ಯವಾಗಿ ಸ್ವರಾಂತ. ಹಿಂದಿಯಲ್ಲಿ ಬರಹದ ಕೊನೆಯ ಅಕಾರ ಉಚ್ಚಾರದಲ್ಲಿ ಬಿದ್ದುಹೋಗುತ್ತದೆ. ಕನ್ನಡಿಗನು ಓದುವಾಗ ಆ ಅಕಾರ ತಾನಾಗಿ ಹಿಂದಿರುಗಿ ಬಂದು ಪ್ರತಿ ಶಬ್ದವನ್ನೂ ಅರೆಮಾತ್ರೆ ಎಳೆಯುತ್ತದೆ, ವಾಕ್ಯದ ಲಯವೇ ಕೆಡುತ್ತದೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುವುದು. ಹಿಂದಿಯಲ್ಲಿ ಕುರ್ಚಿಯೂ ಸ್ತ್ರೀಲಿಂಗ, ಗಾಳಿಯೂ ಸ್ತ್ರೀಲಿಂಗ. ಮರಾಠಿ ಬಲ್ಲವನಿಗೆ ಇದು ಹೊಸದಲ್ಲವಾದರೂ ಮೂರು ಲಿಂಗಗಳ ಮರಾಠಿಯ ಲೆಕ್ಕ ಹಿಂದಿಯಲ್ಲಿ ನಡೆಯದು. ಉರ್ದು ಮೂಲದ ಶಬ್ದಗಳಲ್ಲಿ ಬರುವ ಚುಕ್ಕಿಯ ಧ್ವನಿಗಳನ್ನು ಕೇಳಿಯೇ ಕಲಿಯಬೇಕು.

ಇದಕ್ಕೆ ಹೊರನಾಡ ಕನ್ನಡಿಗನಿಗೆ ಮಾತ್ರ ದಕ್ಕುವ ಒಂದು ಉಪಾಯವುಂಟು. ‘ತುಘಲಕ್’ ನಾಟಕವನ್ನು ಹಿಂದಿಗೆ ತಂದವರು ಬಿ.ವಿ. ಕಾರಂತರು, ಮರಾಠಿಗೆ ತಂದವರು ವಿಜಯ ತೆಂಡೂಲಕರರು. ಮೂರು ಪಠ್ಯಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಒಂದೇ ದೃಶ್ಯವನ್ನು ಮೂರು ಭಾಷೆಗಳಲ್ಲಿ ಗಟ್ಟಿಯಾಗಿ ಓದಿದರೆ, ಕನ್ನಡದಲ್ಲಿ ಕೊನೆಗೆ ಬೀಳುವ ಒತ್ತು ಹಿಂದಿಯಲ್ಲಿ ಎಲ್ಲಿಗೆ ಸರಿಯಿತು, ಮರಾಠಿಯಲ್ಲಿ ಸಿಟ್ಟು ಯಾವ ಶಬ್ದದ ಮೇಲೆ ಕುಳಿತಿತು ಎಂಬುದು ಕಿವಿಗೇ ಗೊತ್ತಾಗುತ್ತದೆ. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿ, ಗುಬ್ಬಿ ಕಂಪನಿಯಲ್ಲಿ ಬೆಳೆದು, ವೀರಣ್ಣನವರ ನೆರವಿನಿಂದ ಕಾಶಿಗೆ ಹೋಗಿ ಹಿಂದಿ ಎಂ.ಎ. ಮಾಡಿ, ಅಲ್ಲಿಯೇ ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನೂ ಕಲಿತು, ಆ ಬಳಿಕ ದೆಹಲಿಯ ನಾಟಕ ಶಾಲೆಯನ್ನು ಹೊಕ್ಕ ಕಾರಂತರ ಹಿಂದಿ ಅದು. ದಕ್ಷಿಣದ ಕಿವಿಯುಳ್ಳವನು ಕಟ್ಟಿದ ಹಿಂದಿ. ಕನ್ನಡ ಅಭ್ಯರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ದೊರೆಯಲಾರದು.

ಆದರೆ ಕನ್ನಡವನ್ನು ಸರಿಯಾಗಿ ಓದಲು ಬಾರದೆ ಈ ಮೂರನ್ನು ಹೋಲಿಸುವುದೆಂತು? ನಗರದ ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಕ್ಷೀಣಿಸಿದ ಬಳಿಕ ಬೆಳೆದ ತಲೆಮಾರಿನಲ್ಲಿ, ಸಂಭಾಷಣೆಯನ್ನು ದೇವನಾಗರಿಯಲ್ಲೋ ರೋಮನ್ ಲಿಪಿಯಲ್ಲೋ ಬರೆದುಕೊಂಡು ಕನ್ನಡ ನಾಟಕವಾಡುವವರು ಇದ್ದಾರೆ. ಅವರ ಉತ್ಸಾಹ ಮೆಚ್ಚತಕ್ಕದ್ದು. ಆದರೆ ರೋಮನ್ ಲಿಪಿಯಲ್ಲಿ ಹ್ರಸ್ವ ದೀರ್ಘಗಳು, ಲಕಾರ ಳಕಾರಗಳು ಒಂದರೊಳಗೊಂದು ಬೆರೆತುಹೋಗಿ ‘ಹಲಿ’ಯೋ ‘ಹಳ್ಳಿ’ಯೋ ಎಂಬುದು ಅದೃಷ್ಟಕ್ಕೆ ಬಿಟ್ಟ ಮಾತಾಗುತ್ತದೆ. ಹೆಗ್ಗೋಡಿಗೆ ಅರ್ಜಿ ಹಾಕುವವನಿಗಂತೂ ಲಿಪಿಯ ಕಲಿಕೆಯೇ ಸಿದ್ಧತೆಯ ಮೊದಲ ಮೆಟ್ಟಿಲು. ಮೂರು ತಿಂಗಳ ಶ್ರದ್ಧೆಗೆ ಅದು ಒಲಿಯುತ್ತದೆ.

ಯಕ್ಷಗಾನದ ಹಿನ್ನೆಲೆಯುಳ್ಳವರ ಸ್ಥಿತಿ ವಿಶಿಷ್ಟವಾದುದು. ಬಾಲ್ಯದಿಂದ ಹೆಜ್ಜೆ ಕಲಿತ ಹುಡುಗನ ಕಾಲಿಗೆ ತಾಳ ಗೊತ್ತು, ಚೆಂಡೆಯ ನುಡಿಗೆ ಮೈ ತಾನಾಗಿ ತಿರುಗುತ್ತದೆ. ದೆಹಲಿಯ ಕಾರ್ಯಶಿಬಿರದಲ್ಲಿ ಅನೇಕರಿಗೆ ಇಲ್ಲದ ಸಂಪತ್ತು ಅದು. ಜತೆಗೆ ಒಂದು ತೊಡಕೂ ಬರುತ್ತದೆ. ಸಾಮಾನ್ಯ ಮನುಷ್ಯನಂತೆ ಬಾಗಿಲು ತೆರೆದು ಒಳಗೆ ಬಾ ಎಂದರೆ ಅವನ ಮಂಡಿ ಹೊರಕ್ಕೆ ತಿರುಗುತ್ತದೆ, ಎದೆ ಉಬ್ಬುತ್ತದೆ, ಮಾತು ಒಡ್ಡೋಲಗದ ಎತ್ತರಕ್ಕೆ ಏರುತ್ತದೆ. ಕೆಲವರು ಇದನ್ನು ನಾಚಿಕೆಯೆಂದು ಬಗೆದು ಅರ್ಜಿಯಲ್ಲಿ ಯಕ್ಷಗಾನದ ಹೆಸರನ್ನೇ ಬಿಡುತ್ತಾರೆ. ಅದು ತಪ್ಪು. ಬೇಕಾದುದು ಎರಡು ನಡಿಗೆಗಳನ್ನೂ ಬಲ್ಲವನಾಗುವುದು, ಒಂದರಿಂದ ಇನ್ನೊಂದಕ್ಕೆ ಬೇಕೆಂದಾಗ ದಾಟುವುದು. ತಾಳಮದ್ದಳೆಯ ಅರ್ಥಗಾರಿಕೆಯ ಅಭ್ಯಾಸವಿದ್ದವನಿಗೆ ಸಂದರ್ಶನದ ಭಯ ಕಡಿಮೆ ಎಂಬುದೂ ನಿಜ. ಎದುರಿನ ಅರ್ಥಧಾರಿ ಎಸೆದ ಅನಿರೀಕ್ಷಿತ ಮಾತಿಗೆ ಅಲ್ಲಿಯೇ ಉತ್ತರ ಕಟ್ಟಿ ರೂಢಿಯಾಗಿರುತ್ತದೆ. ಆದರೆ ಸಮಿತಿಯ ಒಂದು ಸಾಲಿನ ಪ್ರಶ್ನೆಗೆ ಕಾಲು ಗಂಟೆಯ ಅರ್ಥ ಹೇಳಬಾರದೆಂಬ ಎಚ್ಚರ ಬೇಕು! ಯಕ್ಷಗಾನವನ್ನೇ ಮುಂದುವರಿಸಬಯಸುವವರಿಗೆ 1971ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕೇಂದ್ರದ ದಾರಿ ಬೇರೆಯೇ ಇದೆ.

ಸಂಗೀತ ನೃತ್ಯಗಳ ಅರ್ಜಿದಾರರ ಹಾದಿ ಇಷ್ಟು ಅಸ್ಪಷ್ಟವಲ್ಲ. ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳೂ, ಮಹಾರಾಷ್ಟ್ರದಲ್ಲಿ ಪ್ರಚಲಿತವಾದ ಗಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕದಿಂದ ವಿಶಾರದದವರೆಗಿನ ಪರೀಕ್ಷೆಗಳೂ ಅವರಿಗೆ ಮೆಟ್ಟಿಲು ಮೆಟ್ಟಿಲಾಗಿ ಸಿದ್ಧವಿವೆ. ಚೆನ್ನೈಯ ಕಲಾಕ್ಷೇತ್ರ, ಮುಂಬಯಿಯ ನಾಲಂದಾ ನೃತ್ಯಕಲಾ ಮಹಾವಿದ್ಯಾಲಯ ಮೊದಲಾದೆಡೆ ಬಾಣಿಯ ಪ್ರಶ್ನೆಯೊಂದನ್ನು ಮಾತ್ರ ಮೊದಲೇ ಯೋಚಿಸಬೇಕು. ಬೇರೆ ಬಾಣಿಯಲ್ಲಿ ಹತ್ತು ವರ್ಷ ಕಲಿತವರು ಅಡವುಗಳನ್ನು ಮೊದಲಿನಿಂದ ತಿದ್ದಿಕೊಳ್ಳಲು ಸಿದ್ಧರಿರಬೇಕಾಗುತ್ತದೆ.

ಮನೆಯವರ ಒಪ್ಪಿಗೆಯೂ ಸಿದ್ಧತೆಯ ಒಂದು ಅಂಗವೇ. ಚಾಳಿನ ಕೋಣೆಯಲ್ಲಿ ಬದುಕಿ ಮಗನನ್ನು ಪದವೀಧರನನ್ನಾಗಿ ಮಾಡಿದ ತಂದೆಗೆ ಅವನು ಬ್ಯಾಂಕಿನ ಪರೀಕ್ಷೆ ಬರೆಯದೆ ರಂಗಶಾಲೆಗೆ ಹೋಗುತ್ತೇನೆಂದಾಗ ಆಗುವ ದಿಗಿಲು ಅಜ್ಞಾನದ ಫಲವಲ್ಲ. ಹಳೆಯ ನಾಟಕ ಕಂಪನಿಗಳು ಮುಳುಗಿದಾಗ ನಟರು ಪಟ್ಟ ಪಾಡನ್ನು ಆ ತಲೆಮಾರು ಕಣ್ಣಾರೆ ಕಂಡಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ಆ ದಿಗಿಲು ಇಮ್ಮಡಿ. ‘ಅಪ್ಪ, ಆಮೇಲೆ ನೋಡೋಣ’ ಎಂದು ತೇಲಿಸುವುದಕ್ಕಿಂತ ಲೆಕ್ಕವನ್ನೇ ಮುಂದಿಡುವುದು ಒಳ್ಳೆಯದು: ಎಷ್ಟು ವರ್ಷ, ಎಷ್ಟು ಶುಲ್ಕ, ವಿದ್ಯಾರ್ಥಿವೇತನವಿದೆಯೇ, ವಸತಿಯ ವ್ಯವಸ್ಥೆ ಏನು, ಮುಗಿದ ಮೇಲೆ ಮೊದಲ ಎರಡು ವರ್ಷದ ಊಟಕ್ಕೇನು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವಿದ್ಯಾರ್ಥಿವೇತನವಿರುವ ಸಂಗತಿಯೇ ಎಷ್ಟೋ ಮನೆಗಳಿಗೆ ತಲುಪಿಲ್ಲ. ಶಾಲೆಯಿಂದ ಹೊರಬಂದವರೆಲ್ಲ ಹೆಸರು ಗಳಿಸಲಾರರು. ಶಾಲಾ ಶಿಕ್ಷಣದಲ್ಲಿ, ರೆಪರ್ಟರಿಗಳಲ್ಲಿ, ಬೆಳಕು ವಸ್ತ್ರವಿನ್ಯಾಸಗಳ ಕೆಲಸದಲ್ಲಿ ಬಾಳು ಕಟ್ಟಿಕೊಂಡವರೇ ಹೆಚ್ಚು. ಅದನ್ನೂ ಮುಚ್ಚಿಡದೆ ಹೇಳಬೇಕು.

ದೆಹಲಿಯ ಶಾಲೆಯ ಆಯ್ಕೆ ಎರಡು ಹಂತದ್ದು. ಬೇರೆ ಬೇರೆ ನಗರಗಳಲ್ಲಿ ನಡೆಯುವ ಪ್ರಾಥಮಿಕ ಪರೀಕ್ಷೆಯಲ್ಲಿ ಉಳಿದವರನ್ನು ದೆಹಲಿಗೆ ಕರೆಸಿ ಕೆಲವು ದಿನಗಳ ಕಾರ್ಯಶಿಬಿರದಲ್ಲಿ ನೋಡುತ್ತಾರೆ. ಅಲ್ಲಿ ಒಬ್ಬಂಟಿ ಪ್ರತಿಭೆಗಿಂತ, ಗುಂಪಿನಲ್ಲಿ ಇನ್ನೊಬ್ಬನ ಮಾತಿಗೆ ಕಿವಿಗೊಡುವ ಗುಣ ಬೇಗ ಗೋಚರವಾಗುತ್ತದೆ. ಯಾಕೆ ನಾಟಕ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಾಲ್ಯದಿಂದ ಆಸಕ್ತಿ ಎಂಬ ಉತ್ತರವನ್ನು ಸಮಿತಿಯು ಸಾವಿರ ಸಲ ಕೇಳಿದೆ. ಮಾಟುಂಗಾದ ಸಭಾಂಗಣದಲ್ಲಿ ಕಳೆದ ವರ್ಷ ಕಂಡ ಒಂದು ನಾಟಕದಲ್ಲಿ ಏನು ಸರಿಯಿತ್ತು, ಏನು ಸರಿಯಿರಲಿಲ್ಲ ಎಂಬುದನ್ನು ಐದು ವಾಕ್ಯಗಳಲ್ಲಿ ಹೇಳಬಲ್ಲವನ ಉತ್ತರಕ್ಕೆ ಹೆಚ್ಚಿನ ತೂಕವುಂಟು. ಅದಕ್ಕಾಗಿ ವರ್ಷವಿಡೀ ಕಂಡ ನಾಟಕಗಳ ಟಿಪ್ಪಣಿ ಪುಸ್ತಕವೊಂದನ್ನು ಇಡಬೇಕು. ಮುಂಬಯಿಯಲ್ಲಿ ಮರಾಠಿ, ಗುಜರಾತಿ, ಹಿಂದಿ, ಇಂಗ್ಲಿಷ್, ಕನ್ನಡ, ತುಳು ನಾಟಕಗಳನ್ನು ಒಂದೇ ತಿಂಗಳಲ್ಲಿ ನೋಡುವ ಅವಕಾಶವಿರುವಾಗ, ಕನ್ನಡ ಸಂಘದ ನಾಟಕವನ್ನೊಂದನ್ನೇ ನೋಡಿ ಬರುವವನು ನಗರಕ್ಕೂ ಅನ್ಯಾಯ ಮಾಡಿದಂತೆ.

ಮೊದಲ ಸಲವೇ ಆಯ್ಕೆಯಾಗುವವರು ಕಡಿಮೆ. ಆಯ್ಕೆಯಾಗದವನು ಸಂಘದ ಹಿರಿಯರಿಗೆ ಮುಖ ತೋರಿಸಲು ಸಂಕೋಚಪಟ್ಟು ತಾಲೀಮಿಗೇ ಬರುವುದನ್ನು ಬಿಟ್ಟರೆ ವೇದಿಕೆ ಒಬ್ಬ ನಟನನ್ನು ಕಳೆದುಕೊಳ್ಳುತ್ತದೆ. ವಯೋಮಿತಿಯೊಳಗೆ ಮತ್ತೆ ಅರ್ಜಿ ಹಾಕಲು ಅಡ್ಡಿಯಿಲ್ಲ. ನಡುವಿನ ವರ್ಷವನ್ನು ಹೆಗ್ಗೋಡಿನಲ್ಲೋ ಮೈಸೂರಿನಲ್ಲೋ ಕಳೆದು ಮತ್ತೆ ದೆಹಲಿಗೆ ಪ್ರಯತ್ನಿಸುವ ಕ್ರಮವೂ ಇದೆ. ಆ ಒಂದು ವರ್ಷದಲ್ಲಿ ಅವನು ಕನ್ನಡವನ್ನು ಅಳುಕಿಲ್ಲದೆ ಓದಬಲ್ಲವನಾಗಿರುತ್ತಾನೆ, ಧ್ವನಿವರ್ಧಕವಿಲ್ಲದೆ ಮಾತಾಡಬಲ್ಲವನಾಗಿರುತ್ತಾನೆ. ಅರ್ಜಿಯ ಜತೆಗಿನ ನಾಟಕಗಳ ಪಟ್ಟಿಗೂ ಈ ಸಲ ದಿನಾಂಕ, ಸ್ಥಳ, ಪಾತ್ರಗಳ ಸಮೇತ ಪತ್ರಗಳಿರುತ್ತವೆ.